ಕಾಮಾಲೆ ಹತ್ತಿದ ಕಂಪ್ಯೂಟರ್

ನಮ್ಮ ಕಾಕಾನಿಗೆ ಕಂಪ್ಯೂಟರ್ ಚಾಲೂ ಮಾಡಲು ಬರುತ್ತಿರಲಿಲ್ಲ, ತೊಳೆಯಲು ಬರುತ್ತಿತ್ತು. ನಗಬೇಡಿ! ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು ಬೇಕಾದಷ್ಟು ಇದ್ದರು. ಅದಕ್ಕೆ ಅಭ್ಯಂಜನ ಮಾಡಿಸುವವರು ಇವರೊಬ್ಬರೇ.

ಕಾಕಾ ರೋಣದಲ್ಲಿ ಧೋತರದ ವ್ಯಾಪಾರಿ. ಹಾಲಿನ ಬಿಳುಪು, ಮಲ್ಲಿಗೆ ಬಿಳುಪು, ಸುಣ್ಣದ ಬಿಳುಪು ಎಂದು ಬಿಳಿಯಲ್ಲೇ ಜಾತಿ ಮಾಡಿಟ್ಟವರು. ಅಂಥವರ ಮನೆಯಲ್ಲಿ ಒಂದು ಕಂಪ್ಯೂಟರ್ ಕಣ್ಣೆದುರೇ ಹಳದಿಯಾಗುತ್ತ ಕೂತರೆ ಹೇಗಿರಬೇಡ? ಅದು ಅವರ ಹೆಂಡತಿ, ನಮ್ಮ ಕಾಕು ಅವರದು. ಮುಂದಿನ ಕೋಣೆಯಲ್ಲಿ ಕೂತು ಅವರು ಅದರಲ್ಲಿ ಊರವರ ಲಗ್ನಪತ್ರಿಕೆಗಳನ್ನು ಟೈಪು ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಲಿಲ್ಲ. ಕಿಟಕಿಯ ಬಿಸಿಲಿಗೆ ಅದರ ಪ್ಲಾಸ್ಟಿಕ್ಕು ಮೊದಲು ಬೆಣ್ಣೆಯಾಯಿತು, ಆಮೇಲೆ ತುಪ್ಪವಾಯಿತು, ಕಡೆಗೆ ಅರಿಸಿನವಾಯಿತು.

“ಆಕಿ ತಂದ ದಿನ ಹ್ಯಾಂಗಿತ್ತೋ ಹಂಗ ಮಾಡಬೇಕು, ತಮ್ಮಾ. ನನಗ ಅಷ್ಟ ಆಗಬೇಕು,” ಎನ್ನುತ್ತಿದ್ದರು ಕಾಕಾ.

ಎರಡು ಸಾವಿರದ ಎಂಟೊಂಬತ್ತರ ಸುಮಾರಿಗೆ ನಾನು ಸೈಬರ್ ಅಂಗಡಿಯಲ್ಲಿ ಓದಿ ಬಂದು ಹೇಳಿದೆ: ಗಾಯ ತೊಳೆಯುವ ಪೆರಾಕ್ಸೈಡಿನಲ್ಲಿ ನೆನೆಸಿ ಬಿಸಿಲಿಗಿಟ್ಟರೆ ಹಳೆಯ ಪ್ಲಾಸ್ಟಿಕ್ಕು ಬೆಳ್ಳಗಾಗುತ್ತದಂತೆ. ಮರುದಿನವೇ ಕಾಕಾ ನನ್ನನ್ನು ಕರೆದುಕೊಂಡು ಗಜೇಂದ್ರಗಡದ ಔಷಧಿ ಅಂಗಡಿಗೆ ಹೋದರು. ಇದ್ದ ಬಾಟಲಿಗಳನ್ನೆಲ್ಲ ಕೇಳಿದಾಗ ಅಂಗಡಿಯವನು ಗಾಬರಿಯಾದ.

“ಯಾರಿಗ್ರಿ ಇಷ್ಟ ದೊಡ್ಡ ಗಾಯ?”

“ಗಾಯಲ್ಲೋ, ಕಾಮಾಲಿ. ಮೈಯೆಲ್ಲಾ ಹಳದಿ ಆಗೇತಿ.”

“ಅಯ್ಯ, ಇದನ್ನ ಕುಡಸಬ್ಯಾಡ್ರಿ ಮತ್ತ!”

“ಕುಡಸೂದಿಲ್ಲ. ಇದರಾಗ ಮುಳಗಿಸಿ ಬಿಸಲಾಗ ಮಲಗಸ್ತೀನಿ.”

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕಾಕು ಅವರ ಕಂಪ್ಯೂಟರಿಗೆ ಕೈಹಚ್ಚಲು ಮಾತ್ರ ಅವರಿಗೆ ಧೈರ್ಯವಿರಲಿಲ್ಲ. ಮೊದಲು ಮಂದಿಯವುಗಳ ಮೇಲೆ ಕೈ ಪಳಗಬೇಕಲ್ಲ! ನರಗುಂದದಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಸಾಹೇಬರು ಕಾಕಾನ ಹಳೆಯ ಗೆಳೆಯರು. ತಮ್ಮ ಕಂಪ್ಯೂಟರನ್ನು ನಂಬಿ ಕೊಟ್ಟರು. ಅದರ ಪೆಟ್ಟಿಗೆ ಬೆಳ್ಳಗಾಗಿ ಹೊಳೆಯುತ್ತ ನರಗುಂದಕ್ಕೆ ಮರಳಿತು. ಸಾಹೇಬರು ಎತ್ತಿ ನೋಡಿದರು. ಪೆಟ್ಟಿಗೆ ಹೂವಿನಷ್ಟು ಹಗುರ.

“ಯಾಕೋ ದೋಸ್ತ, ಒಳಗಿಂದೆಲ್ಲ ಎಲ್ಲೈತಿ?”

“ಅದು ಹಸರ ಇತ್ತು. ಬಣ್ಣ ಕೆಟ್ಟಿರಲಿಲ್ಲ. ಮನ್ಯಾಗ ಇಟ್ಟ ಬಂದೆ,” ಎಂದರು ಕಾಕಾ, ಏನೂ ಆಗದವರಂತೆ.

“ಅಲ್ಲಲೇ, ಹೆಣ್ಣ ಬಿಟ್ಟ ಬರೇ ಸೀರಿ ಕಳಿಸಿದಂಗಾತಲ್ಲೋ!”

ಕಡೆಗೂ ಒಂದು ಬೇಸಿಗೆಯಲ್ಲಿ ಕಾಕು ಅವರದರ ಸರದಿ ಬಂತು. ಆ ದಿನ ನಾನು ಅಲ್ಲಿದ್ದೆ. ಕಂಡದ್ದನ್ನಷ್ಟೇ ಹೇಳುತ್ತೇನೆ.

ಬದುಕಿದ್ದಾಗ ಕಾಕು, ಸಂಜೆ ಕೆಲಸ ಮುಗಿಸಿ ಮುಖ ತೊಳೆಯಲು ಏಳುವಾಗ, ಹಣೆಯ ಟಿಕಳಿಯನ್ನು ತೆಗೆದು, ಉಳಿದ ಹೆಂಗಸರು ಕನ್ನಡಿಗೆ ಅಂಟಿಸುವಂತೆ, ಮಾನಿಟರಿನ ಚೌಕಟ್ಟಿಗೆ ಅಂಟಿಸುತ್ತಿದ್ದರು. ಅಂಥವು ಮೂರು ಎಡಗಡೆಯ ಮೇಲಿನ ಮೂಲೆಯಲ್ಲಿ ಇನ್ನೂ ಇದ್ದವು. ಕಾಕಾ ಚೌಕಟ್ಟನ್ನು ಬಿಚ್ಚಿ, ಸೋಪು ಹಚ್ಚಿ, ಉಗುರಿನಿಂದ ಅವನ್ನು ಕೆರೆದು ತೆಗೆದರು. ಕೆಳಗೆ, ಅಷ್ಟೂ ಹಳದಿಯ ನಡುವೆ, ಮೂರು ದುಂಡನೆಯ ಬಿಳಿ ಚುಕ್ಕಿ! ಅಲ್ಲಿ ಬಿಸಿಲು ತಾಗಿರಲಿಲ್ಲ.

“ನೋಡಲೇ ತಮ್ಮಾ! ಖರೇ ಬಣ್ಣ ಇದ! ಇದ ನಮ್ಮ ಸ್ಯಾಂಪಲ್!”

ಎಷ್ಟಾದರೂ ಬಟ್ಟೆ ವ್ಯಾಪಾರಿಯಲ್ಲವೆ? ಮಾದರಿ ಸಿಕ್ಕ ಮೇಲೆ ಕೇಳಬೇಕೆ? ಮಾಳಿಗೆಯ ಮೇಲೆ ಅಗಲವಾದ ಟಬ್ಬಿನಲ್ಲಿ ಪೆರಾಕ್ಸೈಡ್ ತುಂಬಿ ಚೌಕಟ್ಟನ್ನು ಮುಳುಗಿಸಿಟ್ಟರು. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಕಾಯುತ್ತಿದ್ದ ಅಜ್ಜಿ ಕೂಗಿದಳು: “ಏನ್ರಿ ಸಾವಕಾರ, ಈ ವರ್ಸ ನಿಮ್ಮ ಸಂಡಗಿ ಭಾಳ ದೊಡ್ಡೂ ಬಂದಾವಲ್ಲ!” ಕಾಕಾನಿಗೆ ಅದು ಕೇಳಿಸಲೇ ಇಲ್ಲ. ಮತ್ತೆ ಮತ್ತೆ ಚೌಕಟ್ಟನ್ನು ಎತ್ತಿ ನನ್ನೆದುರು ಹಿಡಿಯುತ್ತಿದ್ದರು.

“ಚುಕ್ಕಿ ಕಾಣಸ್ತಾವೇನೋ?”

“ಕಾಣಸ್ತಾವು, ಕಾಕಾ.”

“ಹಂಗಾರ ಇನ್ನೂ ಬಿಸಲ ಬೇಕು.”

ಎರಡನೆಯ ದಿನ ಇಳಿಹೊತ್ತಿಗೆ ನಾನು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದೆ. “ಇಲ್ಲ ಕಾಕಾ. ಈಗ ಒಂದೂ ಕಾಣೂದಿಲ್ಲ.”

“ಗೆದ್ದೆ!” ಎಂದು ಅವರು ಕೂಗಿದ ಕೂಗಿಗೆ ಅಜ್ಜಿಯ ಸಂಡಿಗೆಗೆ ಬಂದಿದ್ದ ಕಾಗೆಗಳೆಲ್ಲ ಹಾರಿಹೋದವು.

ಕೆಳಗೆ ಬಂದು, ಚೌಕಟ್ಟನ್ನು ಕೂರಿಸಿ, ಮಾನಿಟರನ್ನು ಹಳೆಯ ಜಾಗದಲ್ಲೇ ಇಟ್ಟೆವು. ಹಾಲಿನ ಬಿಳುಪು. ಕಾಕಾ ಹೆಮ್ಮೆಯಿಂದ ಸುತ್ತ ನೋಡಿದರು. ಆಮೇಲೆ ಎಡಗಡೆಯ ಮೂಲೆಗೆ ಬೆರಳು ಇಟ್ಟರು. ಸ್ವಲ್ಪ ಆಚೆ ಸರಿಸಿದರು. ಸ್ವಲ್ಪ ಈಚೆ ಸರಿಸಿದರು.

“ಎಲ್ಲಿದ್ದವೋ ತಮ್ಮಾ?”

ನಾನೂ ಹುಡುಕಿದೆ. ನುಣ್ಣನೆಯ ಬಿಳಿ, ಅಷ್ಟೇ.

ಕಾಕಾ ಕಾಕು ಅವರ ಕುರ್ಚಿಯಲ್ಲಿ ಕೂತರು. “ತಂದ ದಿನ ಹ್ಯಾಂಗಿತ್ತೋ ಹಂಗ ಆತು,” ಎಂದರು. ಆ ಮೂಲೆಯನ್ನು ಇನ್ನೊಮ್ಮೆ ಸವರಿ ಹೇಳಿದರು: “ತಂದ ದಿನ ಆಕಿ ಇದನ್ನ ಇನ್ನೂ ಮುಟ್ಟಿರಲಿಲ್ಲ.”

ಎದ್ದು ಹೋಗಿ ಕಾಕು ಅವರ ಟ್ರಂಕಿನಿಂದ ಅರ್ಧ ಖಾಲಿಯಾದ ಟಿಕಳಿ ಪಾಕೀಟು ತಂದರು. ಮೂರು ಟಿಕಳಿಗಳನ್ನು ಒಂದೊಂದಾಗಿ ಬಿಡಿಸಿ ಆ ಮೂಲೆಗೆ ಅಂಟಿಸಿದರು. ಕಿಟಕಿಯ ಪರದೆಯನ್ನು ಪೂರಾ ಸರಿಸಿದರು. ಉಳಿದಿದ್ದ ಸಂಜೆಬಿಸಿಲು ಬಂದು ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬಿತ್ತು.

“ಕಾಕಾ, ಮತ್ತ ಹಳದಿ ಆಗ್ತೈತಿ.”

“ಆಗಲಿ.”

“ಅದಕ್ಕ ಎಷ್ಟೋ ವರ್ಷ ಹಿಡಿತಾವಲ್ಲ?”

“ಹಿಡೀಲಿ ಬಿಡು,” ಎಂದು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡರು.