ಹುಡುಕಪ್ಪನ ಬೆನ್ನು ಹತ್ತಿದವಳು

ನನ್ನ ಮಗಳ ಮಗಳು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಂಡವರ ಮಾತು ಕದ್ದು ಕೇಳುತ್ತಾಳೆ. ಕದ್ದದ್ದನ್ನೇ ಮಾರಿ ಬದುಕುತ್ತಾಳೆ! ಮೊಮ್ಮಗಳ ಮೇಲೆ ಚಾಡಿ ಹೇಳುತ್ತಿದ್ದಾಳೆ ಮುದುಕಿ ಅಂದುಕೊಳ್ಳಬೇಡಿ. ಇದು ಅವಳ ಕಸುಬು. ಅದಕ್ಕಾಗಿ ಅವಳು ಓದಿದ್ದಾಳೆ ಕೂಡ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧ. ಉಳಿದರ್ಧದ ಹೊತ್ತಿಗೆ ಮನೆಯಲ್ಲಿ ತಮ್ಮ ಹುಟ್ಟಿದ, ತೊಟ್ಟಿಲು ತೂಗುವವರು ಬೇಕಾಯಿತು. ಹಾಗಾಗಿ ಇಲ್ಲಿ ತಪ್ಪು ಕಂಡರೆ ನನ್ನದು, ಸರಿ ಕಂಡರೆ ಅವಳದು.

ಈಗ ಅಂಗಡಿ ಇಟ್ಟವರೆಲ್ಲ ಫೋನಿನೊಳಗೂ ಒಂದು ಅಂಗಡಿ ಇಡುತ್ತಾರೆ, ವೆಬ್‌ಸೈಟ್ ಅಂತ. ಇಟ್ಟರೆ ಮುಗಿಯಿತೇ? ಕಾಣಬೇಡವೇ? ಜನ ಫೋನಿನಲ್ಲಿ ಏನೋ ಬರೆದು ಹುಡುಕುತ್ತಾರಲ್ಲ, ಆ ಹುಡುಕಿ ಕೊಡುವವನ ಹೆಸರು ನಿಮಗೆಲ್ಲ ಗೊತ್ತು. ನಾನು ಮಾತ್ರ ಅವನನ್ನು ಹುಡುಕಪ್ಪ ಅನ್ನುತ್ತೇನೆ. ಈ ಹುಡುಕಪ್ಪ ಕೇಳಿದವರಿಗೆ ಸಾಲಾಗಿ ಅಂಗಡಿ ತೋರಿಸುತ್ತಾನೆ. ಮುಂದೆ ಕೂತವರಿಗೆ ಗಿರಾಕಿ, ಹಿಂದೆ ಕೂತವರಿಗೆ ನೊಣ. ಹಿಂದಿನವರನ್ನು ಎಬ್ಬಿಸಿ ಮುಂದೆ ತಂದು ಕೂರಿಸುವುದೇ ನನ್ನ ಮೊಮ್ಮಗಳ ಕೆಲಸ. ದುಡ್ಡು ಕೊಟ್ಟು ಜಾಹೀರಾತು ಹಾಕಿ ಅಲ್ಲ ಮತ್ತೆ, ನ್ಯಾಯವಾಗಿ!

ಅದಕ್ಕೂ ಬಸ್‌ಸ್ಟ್ಯಾಂಡಿಗೂ ಏನು ಸಂಬಂಧ? ನಾನೂ ಹಾಗೇ ಕೇಳಿದ್ದೆ. ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿ ಕಲ್ಲು ಬೆಂಚಿನ ಮೇಲೆ ಕೂರಿಸಿದಳು. ಊರಿಗೆ ಹೊಸಬರು ಬಂದಿಳಿದರು ಅಂದರೆ ಇವಳ ಕಿವಿ ನೆಟ್ಟಗೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದ ಒಬ್ಬ ಕಂಡಕ್ಟರನ್ನು ಕೇಳಿದ, "ಹಂಪಿ ಹತ್ರ ಗದ್ದಲ ಇಲ್ದಂಥ ರೂಮು ಅದಾವೇನ್ರಿ? ಮನಿ ಊಟ ಸಿಗ್ಬೇಕು." ಇವಳು ಫೋನು ತೆಗೆದು ಆ ಮಾತನ್ನು ಇದ್ದ ಹಾಗೇ ಬರೆದುಕೊಂಡಳು. ಬರೆದುಕೊಂಡು ಹಬ್ಬದ ಸೀರೆ ಸಿಕ್ಕವಳ ಹಾಗೆ ನನ್ನ ತೊಡೆ ಚಿವುಟಿದಳು.

"ಕೇಳಿದೇನಜ್ಜಿ? ಇದು ಬಂಗಾರ."

"ಇದ್ರಾಗ ಬಂಗಾರ ಎಲ್ಲೈತಿ ಬೇ? ಅಂವ ಪಾಪ ರೂಮು ಕೇಳ್ಯಾನ."

"ಅದನ್ನ ನಾನೂ ಹೇಳ್ತಿರೋದು. ನಿನ್ನ ಮಗ, ನಮ್ಮ ಮಾವ, ತನ್ನ ರೂಮುಗಳ ಪುಟದಾಗ ಏನಂತ ಬರ್ಸ್ಯಾನ ಹೇಳು? ವಿಜಯನಗರ ವೈಭವದ ಮಡಿಲಲ್ಲಿ ಅನುಪಮ ಆತಿಥ್ಯ ಅಂತ. ಅನುಪಮ ಆತಿಥ್ಯ ಐತೇನ್ರಿ ಅಂತ ಯಾವ ಮನುಷ್ಯ ಕಂಡಕ್ಟರ್‌ಗೆ ಕೇಳ್ತಾನ?"

ಜನ ಕಂಡಕ್ಟರನ್ನು ಕೇಳುವ ಹಾಗೇ ಹುಡುಕಪ್ಪನನ್ನೂ ಕೇಳುತ್ತಾರಂತೆ. ಅವರು ಕೇಳುವ ಮಾತಿಗೆ ನಮ್ಮ ಪುಟದಲ್ಲಿ ನೇರ ಉತ್ತರ ಇರಬೇಕಂತೆ, ಅದೂ ಮೇಲೆಯೇ, ಮೊದಲ ಸಾಲಿನಲ್ಲಿಯೇ. ಇಷ್ಟು ಹೇಳಲಿಕ್ಕೆ ನನ್ನನ್ನು ಉರಿ ಬಿಸಿಲಲ್ಲಿ ಕೂರಿಸಬೇಕಿತ್ತೇ?

ಕಂಪ್ಲಿಯ ಸೀರೆ ಅಂಗಡಿಯವರ ಕಥೆ ಕೇಳಿ. ಅವರಿಗೆ ಯಾರೋ ಹೇಳಿದ್ದರಂತೆ, ಊರ ಹೆಸರು ಸೀರೆಯ ಹೆಸರು ಎಷ್ಟು ಸಲ ಬರೆದರೆ ಅಷ್ಟು ಮುಂದೆ ಬರುತ್ತೀರಿ ಅಂತ. ಅವರು ಪುಟದ ತುಂಬ ಅದನ್ನೇ ಬರೆಸಿದ್ದರು. ಇವಳು ಹೋಗಿ, "ಅಣ್ಣಾರ, ನಾನು ಗಿರಾಕಿ ಅಂದ್ಕೊಳ್ರಿ, ಇದನ್ನ ನನಗ ಬಾಯಾಗ ಹೇಳ್ರಿ," ಅಂದಳು. ಆ ಮನುಷ್ಯ ಗಂಭೀರವಾಗಿ ಶುರು ಮಾಡಿದರು: "ಕಂಪ್ಲಿ ಸೀರೆ ಅಂಗಡಿ ಕಂಪ್ಲಿಯ ಸೀರೆ ಕಂಪ್ಲಿಯಲ್ಲಿ ಮದುವೆ ಸೀರೆ ಕಂಪ್ಲಿ ಸೀರೆ..." ಒಳಗೆ ಅವರ ಹೆಂಡತಿ ಬಿದ್ದು ಬಿದ್ದು ನಕ್ಕರಂತೆ. ಸಾರಿಗೆ ಉಪ್ಪು ಬೇಕು ಅಂತ ಉಪ್ಪಿನಲ್ಲೇ ಸಾರು ಮಾಡುತ್ತಾರೆಯೇ? ಹುಡುಕಪ್ಪನಿಗೂ ನಾಲಿಗೆ ಇದೆಯಂತೆ, ಉಗುಳಿಬಿಡುತ್ತಾನಂತೆ.

ಆ ಪುಟ ತೆರೆದರೆ ಮೊದಲಿಗೆ ಬರುತ್ತಿದ್ದುದು ಸೀರೆಯಲ್ಲ, ಹಾರ ಹಾಕಿಕೊಂಡ ಅಂಗಡಿಯವರ ದೊಡ್ಡ ಫೋಟೋ. ಎಷ್ಟು ದೊಡ್ಡದು ಅಂದರೆ ಹಣೆ ಬಂದು ಮೂಗಿಗಾಗಿ ಕಾಯಬೇಕು, ಮೂಗು ಬಂದು ಮೀಸೆಗಾಗಿ ಕಾಯಬೇಕು! "ನಿಮ್ಮ ಮೀಸಿ ಬರೋ ಹೊತ್ತಿಗೆ ಮದುವಿ ಮುಗ್ದಿರ್ತದ ಅಣ್ಣಾರ," ಅಂದುಬಿಟ್ಟಳು. ಸಿಟ್ಟಾಗಲಿಲ್ಲ ಪುಣ್ಯಾತ್ಮರು. ಫೋಟೋ ಹಗುರ ಮಾಡಿ, ಚಿಕ್ಕದಾಗಿ ಕೆಳಗೆ ಹಾಕಿ, ಮೇಲೆ ಸೀರೆಗಳನ್ನು ಬಿಚ್ಚಿ ತೋರಿಸಿದ ಮೇಲೆ ಗಂಗಾವತಿಯಿಂದ ಕೂಡ ಜನ ಬರುತ್ತಾರಂತೆ.

ಪುಟ ಎಷ್ಟು ಜಲ್ದಿ ತೆರೆಯಬೇಕು ಅನ್ನುವುದಕ್ಕೆ ಇವಳ ಹತ್ತಿರ ಬೇರೆಯೇ ಗಡಿಯಾರ ಇದೆ. ನಾನಿರುವುದು ಮಲಪನಗುಡಿಯಲ್ಲಿ, ಮಗನ ಮನೆಯಲ್ಲಿ. ಮನೆಯ ಹಿಂದೆ ಕಬ್ಬು. ಕಬ್ಬಿನ ನಡುವೆ ಹೋದರೆ ಫೋನಿಗೆ ಸಿಗ್ನಲ್ಲಿನ ಒಂದೇ ಕಡ್ಡಿ. ಅವಳ ಫೋನು ಹೊಳೆಯುವಂಥದ್ದು. ಅದನ್ನು ಬಿಟ್ಟು ನನ್ನ ಗಾಜು ಒಡೆದ ಫೋನು ಹಿಡಿದು, ನನ್ನ ಕೈಗೆ ಬೆಳ್ಳುಳ್ಳಿ ಕೊಟ್ಟು, ಕಬ್ಬಿನೊಳಗೆ ನಿಲ್ಲಿಸುತ್ತಾಳೆ. ನಾನು ಒಂದು ಎಸಳು ಸುಲಿಯುವುದರೊಳಗೆ ಪುಟ ತೆರೆದರೆ ಪಾಸು, ಇಲ್ಲದಿದ್ದರೆ ಫೇಲು. ಅಲ್ಲಿ ತೆರೆದದ್ದು ಎಲ್ಲಿ ಬೇಕಾದರೂ ತೆರೆಯುತ್ತದಂತೆ. ಮುದುಕಿ ಸೊಸೆಯ ಜೊತೆ ಜಗಳವಾಡಿ ಕಬ್ಬಿನೊಳಗೆ ಹೋಗಿ ಅಳುತ್ತಾಳೆ ಅಂತ ಪಕ್ಕದ ಹೊಲದವರು ತಿಳಿದಿದ್ದರಂತೆ! ಬೆಳ್ಳುಳ್ಳಿ ಘಾಟಿಗೆ ಕಣ್ಣೀರು ಬರುವುದಿಲ್ಲವೇ?

ಇಷ್ಟೆಲ್ಲ ಇದ್ದರೂ ನನ್ನ ಅಳಿಯಂದಿರಿಗೆ, ಅಂದರೆ ಅವಳ ಅಪ್ಪನಿಗೆ, ಇದು ಕೆಲಸ ಅಂತಲೇ ಅನ್ನಿಸಿರಲಿಲ್ಲ. ಮಗಳು ಏನು ಮಾಡುತ್ತಾಳೆ ಅಂತ ನಾಲ್ಕು ಜನ ಕೇಳಿದರೆ ಅವರಿಗೆ ಹೇಳಲಿಕ್ಕೆ ಬರುವುದಿಲ್ಲ. ಅದೇ ಕಷ್ಟ. ಸಂಡೂರಿನಲ್ಲಿ ಅವರ ಗೆಳೆಯರೊಬ್ಬರ ಅದಿರಿನ ಆಫೀಸಿದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ನೌಕರಿ ಮಾತಾಡಿ ಬಂದರು. ಸಂಕ್ರಾಂತಿ ಆದ ಮೇಲೆ ಸೇರಬೇಕು ಅಂದರು. ಇವಳು ಅಳಲಿಲ್ಲ, ಊಟ ಬಿಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಾವನ ರೂಮುಗಳನ್ನು ತುಂಬಿಸಿ ತೋರಿಸುತ್ತೇನೆ, ತುಂಬದಿದ್ದರೆ ಮರುದಿನವೇ ಸಂಡೂರಿನ ಬಸ್ಸು ಹತ್ತುತ್ತೇನೆ ಅಂದಳು. ಹೆದರಿದ್ದು ನಾನು. ಯಾಕೆ ಅಂದರೆ ಮಾವನ ರೂಮುಗಳು ಹೇಗಿದ್ದವು ಅಂತ ನನಗೆ ಗೊತ್ತಲ್ಲ! ನನ್ನ ಮಗ ಬಾಳೆ ತೋಟದ ಬದಿಗೆ ನಾಲ್ಕು ರೂಮು ಕಟ್ಟಿಸಿದ್ದ, ಹಂಪಿ ನೋಡಲು ಬರುವವರು ಇಳಿದುಕೊಳ್ಳಲಿ ಅಂತ. ಇಳಿದುಕೊಂಡದ್ದು ಪಾರಿವಾಳ.

ಅವಳು ಪುಟದ ಅನುಪಮವನ್ನೆಲ್ಲ ಕಿತ್ತು ಹಾಕಿದಳು. ಗದ್ದಲವಿಲ್ಲದ ರೂಮು, ಮನೆ ಊಟ, ಹಂಪಿಗೆ ಹೇಗೆ ಹೋಗುವುದು, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ಬರೆದಳು. ನಿಜವಾದ ಫೋಟೋ ಹಾಕಿದಳು. ಅದರಲ್ಲಿ ಪಾರಿವಾಳ ಕೂಡ ಬಂತು. ಕನ್ನಡದಲ್ಲಿ ಒಂದು ಪುಟ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಒಂದು. ಇನ್ನೇನು, ಜನ ಬರತೊಡಗಿದರು. ಬಂದರು, ಆದರೆ ಮನೆಗೆ ಬರಲಿಲ್ಲ! ಫೋನು ಮಾತ್ರ ಬರುತ್ತಿತ್ತು: ನಾವು ನಿಮ್ಮ ಹೋಟೆಲ್ ಮುಂದೆಯೇ ಇದ್ದೇವೆ, ಬಾಗಿಲೇ ಇಲ್ಲ, ಬರೀ ಮೆಟ್ಟಿಲುಗಳಿವೆ ಅಂತ.

ಏನಾಗಿತ್ತು ಗೊತ್ತೇ? ನಮ್ಮೂರಲ್ಲಿ ಯಾರ ಮನೆಯ ದಾರಿ ಕೇಳಿದರೂ ಮನೆ ಹೇಳುವ ರೂಢಿಯಿಲ್ಲ. ಹಳೇ ಬಾವಿ ಹತ್ತಿರ ಬನ್ನಿ, ಅಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ ಅನ್ನುತ್ತೇವೆ. ಮೆಟ್ಟಿಲು ಬಾವಿ ಅದು, ಊರಿಗೆಲ್ಲ ಗುರುತು. ಫೋನಿನ ನಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಗುರುತು ಹಾಕಿ ಅಂದಾಗ ನನ್ನ ಮಗ ಮರ್ಯಾದಸ್ಥನ ಹಾಗೆ ಬಾವಿಯ ಮೇಲೆಯೇ ಗುರುತು ಹಾಕಿ ಕೂತಿದ್ದ! ಬಂದವರು ಬಾವಿಯೊಳಗೆ ಇಣುಕಿ ನೋಡಿ, ಕಮಲಾಪುರದ ಕಡೆ ಹೋಗಿ ಬೇರೆ ಕಡೆ ಇಳಿದುಕೊಂಡರು. ಹೋದವರು ಸುಮ್ಮನಿದ್ದರೇ? ಒಂದೇ ನಕ್ಷತ್ರ ಕೊಟ್ಟು ಬರೆದರು: "ರೂಮಿಲ್ಲ. ಬಾವಿ ಚೆನ್ನಾಗಿದೆ."

ಮೊಮ್ಮಗಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಮಾವ, ಬಾವ್ಯಾಗ ಮಂಚ ಹಾಕ್ಸಿಯೇನು?" ಅಂದಳು.

"ನಂದೇನು ತಪ್ಪು? ಅಲ್ಲಿಗೆ ಬಂದು ಯಾರನ್ನರ ಕೇಳಬೇಕಪ್ಪ. ಬಾಯಿಲ್ಲೇನು ಅವರಿಗೆ?" ಅಂದ ಇವನು.

ಮಾನ ಉಳಿಸಿಕೊಳ್ಳಲು ಅವನು ಮಾಡಿದ ಉಪಾಯ ಇನ್ನೂ ಚೆಂದ. ಗೆಳೆಯರಿಂದ ಹೊಗಳಿಕೆ ಬರೆಸಿದ. ಎದುರು ಮನೆಯವ ಐದು ನಕ್ಷತ್ರ ಕೊಟ್ಟು ಬರೆದಿದ್ದ: "ರೂಮು ಮಸ್ತ್. ನಾನು ದಿನಾ ಇಲ್ಲೇ ಇರುತ್ತೇನೆ." ಇವಳು ಮನೆಮನೆಗೆ ಹೋಗಿ ಎಲ್ಲವನ್ನೂ ಅಳಿಸಿ ಹಾಕಿಸಿದಳು. ಸುಳ್ಳು ಹೊಗಳಿಕೆ ಹುಡುಕಪ್ಪನಿಗೆ ವಾಸನೆ ಹೊಡೆಯುತ್ತದಂತೆ. ಒಂದು ನಕ್ಷತ್ರದವರಿಗೆ ಮಾತ್ರ ಕೂತು ಮರ್ಯಾದೆಯಿಂದ ಉತ್ತರ ಬರೆದಳು, ತಪ್ಪು ನಮ್ಮದೇ, ನೀವು ಬಿಸಿಲಲ್ಲಿ ಅಲೆದದ್ದು ನಮಗೂ ತಾಗಿದೆ ಅಂತ.

ನಕ್ಷೆಯ ಗುರುತು ಬದಲಿಸಲು ಅರ್ಜಿ ಹಾಕಿದಳು. ಆದರೆ ಹುಡುಕಪ್ಪ ನಿಧಾನಸ್ಥ. ಒಪ್ಪುವ ಮನಸ್ಸಾದಾಗ ಒಪ್ಪುತ್ತಾನೆ. ಅತ್ತ ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಅಳಿಯಂದಿರು ಫೋನು ಮಾಡಿದಾಗಲೆಲ್ಲ ರೂಮಿನ ಸಂಗತಿ ಕೇಳದೆ, ಸಂಡೂರಿನಲ್ಲಿ ಚಳಿ ಹೆಚ್ಚು, ಸ್ವೆಟರ್ ತೆಗೆದುಕೋ ಅನ್ನುತ್ತಿದ್ದರು. ಇವಳು ಒಂದು ಸಂಜೆ ನನ್ನ ಪಕ್ಕದಲ್ಲಿ ಕೂತು ಕಬ್ಬು ಸಿಗಿಯುತ್ತಾ ಇದ್ದವಳು ಥಟ್ಟನೆ ಕೇಳಿದಳು:

"ಅಜ್ಜಿ, ಸಂಜಿಮುಂದ ಬಾವಿ ಹತ್ರ ಕುಂದರ್ತಿಯೇನು?"

"ಯಾಕ ಬೇ, ನನ್ನೂ ಬಾವಿಗೆ ಹಾಕ್ತಿಯೇನು?"

"ಬಾವಿಗೆ ಬಂದವ್ರನ್ನ ಮನಿಗೆ ಕರ್ಕೊಂಡು ಬರಾಕ."

ಪುಟದ ಮೇಲೆ, ಮೊದಲ ಸಾಲಿನಲ್ಲಿಯೇ, ಇದ್ದದ್ದನ್ನು ಇದ್ದ ಹಾಗೆ ಬರೆದುಬಿಟ್ಟಳು: "ನಕ್ಷೆ ನಿಮ್ಮನ್ನು ಹಳೇ ಬಾವಿಗೆ ಕರೆತರುತ್ತದೆ. ಅದು ನಮ್ಮ ತಪ್ಪು. ಅಲ್ಲಿ ನಮ್ಮ ಅಜ್ಜಿ ಕೂತಿರುತ್ತಾಳೆ. ಅವಳು ಮನೆಗೆ ಕರೆತರುತ್ತಾಳೆ."

ಮಗ ಹಣೆ ಚಚ್ಚಿಕೊಂಡ. ತಪ್ಪನ್ನು ಯಾರಾದರೂ ಬೋರ್ಡಿಗೆ ಬರೆಯುತ್ತಾರೆಯೇ? ನಾನಂತೂ ಇಳಕಲ್ಲು ಸೀರೆ ಉಟ್ಟು, ಕುರ್ಚಿ ಹಾಕಿಸಿಕೊಂಡು, ಡಬ್ಬಿಯಲ್ಲಿ ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆ ಇಟ್ಟುಕೊಂಡು ಕೂತೆ. ಈ ವಯಸ್ಸಿಗೆ ನನಗೆ ನೌಕರಿ! ಬಂದವರಿಗೆ ಮೊದಲು ಮಿರ್ಚಿ, ಆಮೇಲೆ ದಾರಿ. ಒಬ್ಬಳು ಬಿಳೀ ಹುಡುಗಿ ಒಂದು ಕಚ್ಚು ಕಚ್ಚಿ, ಕಣ್ಣು ಮೂಗು ಎಲ್ಲ ಒರೆಸಿಕೊಂಡು, ಇನ್ನೊಂದು ಕೇಳಿದಳು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಇಬ್ಬರೂ ಮನೆಯವರೆಗೆ ಮಾತಾಡುತ್ತಲೇ ಹೋದೆವು.

ಹೋದವರು ಬರೆದರು. ಈ ಸಲ ಯಾರೂ ಬರೆಸಲಿಲ್ಲ. ಬಾವಿಯ ಅಜ್ಜಿ, ಅಜ್ಜಿಯ ಮಿರ್ಚಿ, ಅಜ್ಜಿಯ ಜೊತೆ ಬಾಳೆ ತೋಟದ ದಾರಿ, ಕೊನೆಗೆ ಎಲ್ಲೋ ಒಂದು ಮೂಲೆಯಲ್ಲಿ ರೂಮು ಸ್ವಚ್ಛ ಅಂತ. ಜನ ಹುಡುಕಪ್ಪನನ್ನು ಬಾವಿಯ ಹತ್ತಿರ ಅಜ್ಜಿ ಇರುವ ರೂಮು ಯಾವುದು ಅಂತ ಕೇಳತೊಡಗಿದರಂತೆ. ಹಾಗೆ ಕೇಳಿದರೆ ತೋರಿಸಲು ಅವನ ಹತ್ತಿರ ಬೇರೆ ಯಾರಿದ್ದಾರೆ? ನಾವೇ ಮೊದಲು! ಹೆಮ್ಮೆಯಿಂದ ಹೇಳುತ್ತೇನೆ, ಅವತ್ತು ನಾನು ಕುರ್ಚಿಯಲ್ಲಿ ಸ್ವಲ್ಪ ಹೆಚ್ಚೇ ನೆಟ್ಟಗೆ ಕೂತೆ.

ಸಂಕ್ರಾಂತಿಗೆ ಅಳಿಯಂದಿರು ಬಂದರು, ಕೈಯಲ್ಲಿ ಮಗಳ ಸ್ವೆಟರ್ ಹಿಡಿದುಕೊಂಡು. ನೋಡಿದರೆ ಅಂಗಳದ ತುಂಬ ಚಪ್ಪಲಿ. ಎಳ್ಳು ಬೆಲ್ಲ ಹಂಚುತ್ತಿದ್ದ ಮೊಮ್ಮಗಳು ಅಪ್ಪನ ಮುಂದೆ ತಟ್ಟೆ ಹಿಡಿದು, "ಅಪ್ಪ, ರಾತ್ರಿಗೆ ನಿಮಗ ರೂಮಿಲ್ಲ," ಅಂದಳು. ಅವರು ಪಡಸಾಲೆಯಲ್ಲಿ ನನ್ನ ಕೌದಿ ಹೊದ್ದು ಮಲಗಿದರು. ಚಳಿ ಆಯಿತೇನೋ, ತಂದ ಸ್ವೆಟರನ್ನು ಕಾಲಿಗೆ ಸುತ್ತಿಕೊಂಡಿದ್ದರು!

ಬೆಳಿಗ್ಗೆ ಎಲ್ಲರೂ ಹೊಳೆ ಸ್ನಾನಕ್ಕೆ ಹೊರಟಾಗ ಅವರು ಮಗಳ ಮುಖ ನೋಡದೆ, ಬಾಳೆ ಗಿಡ ನೋಡುತ್ತಾ ಹೇಳಿದರು: "ಸಂಡೂರಿಗೊಮ್ಮೆ ಹೋಗಿ ಬಾ. ಅವರದೂ ಒಂದು ವೆಬ್‌ಸೈಟ್ ಐತಂತ. ಯಾರಿಗೂ ಸಿಗವಲ್ದಂತ."

"ನೌಕರಿಗೇನಪ್ಪ?"

"ನೌಕರಿಗೆ ನೀ ಸಿಗೋದಿಲ್ಲಂತ ಹೇಳೀನಿ."

ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದರೆ ಅವರು ನನ್ನ ಅಳಿಯಂದಿರೇ ಅಲ್ಲ.

ಹುಡುಕಪ್ಪ ಕೊನೆಗೂ ಮನಸ್ಸು ಮಾಡಿ ಗುರುತನ್ನು ಬಾವಿಯಿಂದ ಎತ್ತಿ ನಮ್ಮ ಮನೆಯ ಮೇಲೆ ಇಟ್ಟ. ಇನ್ನು ಯಾರೂ ದಾರಿ ತಪ್ಪುವುದಿಲ್ಲ. ಹಾಗಾದರೆ ಪುಟದಿಂದ ನನ್ನ ಸಾಲು ತೆಗೆ ಅಂದೆ. ಮೊಮ್ಮಗಳು ತಪ್ಪನ್ನಷ್ಟೇ ತೆಗೆದಳು, ಅಜ್ಜಿಯನ್ನು ಬಿಟ್ಟಳು. ಯಾಕೆ ಅಂತ ಕೇಳಿದರೆ, ಜನ ನಮ್ಮನ್ನು ಕರೆಯುವ ಹೆಸರೇ ಅದು, ಬಸ್‌ಸ್ಟ್ಯಾಂಡಿನಲ್ಲಿ ನಾನು ಕಳೆದದ್ದು ನೆನಪಿದೆಯೇನಜ್ಜಿ ಅಂದಳು.

ನೆನಪಿಲ್ಲದೆ ಏನು? ಅವಳಿನ್ನೂ ಸಣ್ಣವಳು, ಆಗಷ್ಟೇ ಶಾಲೆಗೆ ಸೇರಿದ್ದಳು. ಕಂಪ್ಲಿಗೆ ಮದುವೆಗೆ ಹೊರಟಿದ್ದೆವು. ಹೊಸಪೇಟೆ ಬಸ್‌ಸ್ಟ್ಯಾಂಡಿನ ಜಂಗುಳಿಯಲ್ಲಿ ಕೈ ಕೊಸರಿಕೊಂಡು ಮಾಯವಾದಳು. ನಾನು ಮೈಕಿನವರ ಹತ್ತಿರ ಓಡಿದೆ. ಹೆಸರು ಹೇಳಮ್ಮ ಅಂದರು. ಶಾಲೆಯಲ್ಲಿ ಬರೆಸಿದ ದೊಡ್ಡ ಹೆಸರು ಹೇಳಿದೆ. ಅವರು ಊರಿಗೆಲ್ಲ ಕೇಳುವ ಹಾಗೆ ಮತ್ತೆ ಮತ್ತೆ ಕೂಗಿದರು. ಬರಲಿಲ್ಲ. ಆಮೇಲೆ ಮೈಕು ಗೀಕು ಬಿಟ್ಟು, ಬಾಗಿಲಲ್ಲಿ ನಿಂತು, ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕಿರುಚಿದೆ. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನನ್ನು ನಿಜವಾಗಿಯೂ ಬಾವಿಗೆ ಹಾಕುತ್ತಾಳೆ. ಕಿರುಚಿದ್ದೇ ತಡ, "ಆಂ" ಅಂತ ಕೇಳಿತು. ಎಲ್ಲಿಂದ? ಮೈಕಿನ ಕೆಳಗಿನ ಬೆಂಚಿನಿಂದ! ಅಲ್ಲೇ ಕಾಲಾಡಿಸುತ್ತಾ ಕೂತಿದ್ದಳು.

"ಅವರು ಕೂಗಿದ್ದು ನನಗ ಕೇಳ್ತಿತ್ತಜ್ಜಿ," ಅಂದಳು ಈಗ. "ಯಾವುದೋ ಹುಡುಗಿ ಕಳದಾಳ, ಪಾಪ ಅಂತ ಅಂದ್ಕೊಂಡಿದ್ದೆ. ನೀ ಕೂಗಿದಾಗ ಗೊತ್ತಾತು, ಅದು ನಾನ ಅಂತ."

ಸೆರಗಿನಿಂದ ಕಣ್ಣೊರೆಸಿಕೊಂಡೆ, ಈ ಸಲ ಬೆಳ್ಳುಳ್ಳಿಯ ನೆಪವೂ ಇರಲಿಲ್ಲ.

ಈಗಲೂ ಸಂಜೆ ಬಾವಿಯ ಹತ್ತಿರ ಕೂರುತ್ತೇನೆ. ದಾರಿ ತಪ್ಪಿದವರು ಯಾರೂ ಬರುವುದಿಲ್ಲ, ಮಿರ್ಚಿಗೆ ಬರುತ್ತಾರೆ. ಕತ್ತಲಾಗುವ ಮುಂಚೆ ನನ್ನನ್ನು ಕರೆದೊಯ್ಯಲು ಹೊಸಪೇಟೆ ಕಡೆಯಿಂದ ಒಂದು ಸ್ಕೂಟಿ ಬರುತ್ತದೆ. ನನ್ನ ಕಣ್ಣು ಮಂದ, ದೂರದಿಂದ ಯಾವ ಸ್ಕೂಟಿಯೋ ಯಾರದೋ ತಿಳಿಯುವುದಿಲ್ಲ. ಎದ್ದು ನಿಂತು ಆ ಹೆಸರು ಹಿಡಿದು ಕೂಗುತ್ತೇನೆ.

"ಆಂ," ಅನ್ನುತ್ತಾಳೆ.