ನಾನು ಚಿಕ್ಕಮ್ಮನಿಗೆ ಬೊಲೊನ್ಯಾ ತೋರಿಸಿದ್ದು

ಇಟಲಿಯ ಬೊಲೊನ್ಯಾಕ್ಕೆ ಮೊದಲ ಸಲ ಬರುವವರಿಗೆ ನನ್ನ ಸಲಹೆಗಳು ಮೂರೇ ಮೂರು. ಒಂದು, ಛತ್ರಿ ಹೊತ್ತು ತರಬೇಡಿ. ಊರಿನ ತುಂಬ ಕಮಾನಿನ ಮೊಗಸಾಲೆಗಳಿವೆ, ಮಳೆಗೆ ನಮ್ಮ ಮೈ ಸಿಗುವುದೇ ಇಲ್ಲ. ಎರಡು, ಹೋಟೆಲಿನಲ್ಲಿ ಕುಳಿತು 'ಸ್ಪಗೆಟ್ಟಿ ಬೊಲೊನೀಸ್' ಕೊಡಿ ಎನ್ನಬೇಡಿ. ಹೆಸರಿನಲ್ಲಿ ನಮ್ಮೂರಿದ್ದರೂ ಆ ತಿಂಡಿ ನಮ್ಮೂರಿನದಲ್ಲ. ಹಾಗೆ ಕೇಳಿದವರನ್ನು ಮಾಣಿಯಿಂದ ಹಿಡಿದು ಪಾತ್ರೆ ತೊಳೆಯುವವನವರೆಗೆ ಎಲ್ಲರೂ ಬಂದು ಒಮ್ಮೆ ನೋಡಿಕೊಂಡು ಹೋಗುತ್ತಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಊರು ತೋರಿಸಲು ಇಲ್ಲೇ ಹುಟ್ಟಿ ಬೆಳೆದವನನ್ನು ಮಾತ್ರ ಕರೆದುಕೊಂಡು ಹೋಗಬೇಡಿ.

ಈ ಮೂರನೆಯ ಜ್ಞಾನ ನನಗೆ ಬಂದದ್ದು ಕ್ಲೊತಿಲ್ದೆ ಚಿಕ್ಕಮ್ಮ ಬಂದಾಗ. ಆಕೆ ನನ್ನ ಹೆಂಡತಿ ನಿವೆಸ್‌ಳ ಚಿಕ್ಕಮ್ಮ, ತಾಯಿಯಿಲ್ಲದ ಹುಡುಗಿಯನ್ನು ಸಾಕಿ ಓದಿಸಿದಾಕೆ. ಎಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ತನ್ನೂರು ಕೂನಿಯೊ ಬಿಟ್ಟು ನಮ್ಮೂರಿಗೆ ಬಂದಿದ್ದಳು. ಎಡಗಿವಿ ಪೂರ್ತಿ ಬಂದ್, ಬಲಗಿವಿ ಮುಕ್ಕಾಲು ಬಂದ್. ಕೈಯಲ್ಲೊಂದು ಪ್ರವಾಸಿ ಪುಸ್ತಕ, ಪುಸ್ತಕಕ್ಕೊಂದು ಪೆನ್ಸಿಲು. ನೋಡಿದ ಜಾಗಕ್ಕೆಲ್ಲ ಗುರುತು ಹಾಕದೆ ವಾಪಸು ಹೋಗುವ ಜಾತಿಯಲ್ಲ.

"ಆ ಪುಸ್ತಕ ಒಳಗಿಡಿ ಚಿಕ್ಕಮ್ಮ, ನಾನಿಲ್ವಾ?" ಎಂದೆ ಎದೆ ಉಬ್ಬಿಸಿ. "ಈ ಊರಿನ ಪ್ರತಿ ಕಲ್ಲೂ ನನ್ನ ಕಾಲಿಗೆ ಪರಿಚಯ."

"ಪ್ರತಿ ಕಲ್ಲೂನಾ?" ಎಂದಳು ನಿವೆಸ್. ಅವಳು ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ ಈಗ ಪಾಸ್ತಾ ಅಂಗಡಿ ನಡೆಸುವವಳು. ಅಡುಗೆಮನೆಯ ಮೇಜಿನ ಮುಂದೆ ಕುಳಿತು ಹಿಟ್ಟಿನ ಹಾಳೆಯೊಳಗೆ ಹೂರಣವಿಟ್ಟು ಉಗುರಿನಷ್ಟು ಪುಟ್ಟ ತೊರ್ತೆಲ್ಲಿನಿ ಮಡಚುತ್ತಿದ್ದಳು.

"ಪ್ರತಿ ಕಲ್ಲೂ!"

"ಹಾಗಾದ್ರೆ ಒಂದು ಗಂಟೆ ತನಕ ಇವರನ್ನ ಸುತ್ತಾಡಿಸ್ಕೊಂಡು ಬನ್ನಿ. ನಂಗೆ ಇನ್ನೂ ಮುನ್ನೂರು ಮಡಚೋದಿದೆ."

ಪ್ರತಿ ಕಲ್ಲೂ ಎಂದೆನಲ್ಲ, ಅದು ಶುದ್ಧ ಸುಳ್ಳು. ನಮ್ಮ ಊರಿನಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಯಾರನ್ನು ಬೇಕಾದರೂ ಕೇಳಿ. ಪದವಿ ಕೈಗೆ ಬರುವ ಮೊದಲು ಅಸಿನೆಲ್ಲಿ ಗೋಪುರ ಹತ್ತಬಾರದು. ದೊಡ್ಡ ಚೌಕದ ನಡುವೆ ಅರ್ಧ ಗೇಣು ಎತ್ತರದ ಕಲ್ಲುಹಾಸು ಇದೆಯಲ್ಲ, ಅದನ್ನು ತುಳಿದು ದಾಟಬಾರದು, ಬದಿಯಿಂದಲೇ ಸುತ್ತಿಕೊಂಡು ಹೋಗಬೇಕು. ತಪ್ಪಿದರೆ ಈ ಜನ್ಮದಲ್ಲಿ ಪದವಿ ಇಲ್ಲ. ಹದಿನೆಂಟರ ಹುಡುಗರು ಇದನ್ನು ನಂಬುತ್ತಾರೆ, ಇಪ್ಪತ್ಮೂರಕ್ಕೆ ಪದವಿ ಮುಗಿಸಿ ಚೌಕದ ನಡುವೆ ಕುಣಿದು ಮನೆಗೆ ಹೋಗುತ್ತಾರೆ. ನಾನು ಐವತ್ತಾರನೆಯ ವಯಸ್ಸಿನಲ್ಲೂ ಬದಿಯಲ್ಲೇ ನಡೆಯುತ್ತಿದ್ದೆ.

ಯಾಕೆಂದರೆ ಕಾನೂನು ಪದವಿಗೆ ನನಗೆ ಒಂದು ಪರೀಕ್ಷೆ ಬಾಕಿ ಇತ್ತು. ಮೂವತ್ತೆರಡು ವರ್ಷದಿಂದ!

ಇದು ಯಾರಿಗೂ ಗೊತ್ತಿರಲಿಲ್ಲ. ಪದವಿ ಮುಗಿಸಿದವರನ್ನೆಲ್ಲ 'ದೊತ್ತೋರೆ' ಎನ್ನುವ ದೇಶ ನಮ್ಮದು. ಕನ್ನಡಕ ಹಾಕಿ, ಚರ್ಮದ ಚೀಲ ಹಿಡಿದು, ದಸ್ತಾವೇಜು ಬರೆಯುವ ಕಚೇರಿಯಲ್ಲಿ ಕುಳಿತವನನ್ನು ಯಾರೂ ಸರ್ಟಿಫಿಕೇಟು ತೋರಿಸು ಎನ್ನುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಇದೇ ಚಿಕ್ಕಮ್ಮ, "ನಮ್ಮ ಹುಡುಗಿ ದೊತ್ತೊರೆಸ್ಸಾ. ಹುಡುಗನೂ ದೊತ್ತೋರೆ ತಾನೆ?" ಎಂದು ಕೇಳಿದ್ದಳು. ನಾನು ತಲೆಯಾಡಿಸಿದ್ದೆ. ಒಂದೇ ಪರೀಕ್ಷೆ ತಾನೆ, ಮೂರು ತಿಂಗಳಲ್ಲಿ ಮುಗಿಸಿದರಾಯಿತು ಎಂದುಕೊಂಡಿದ್ದೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಮೇಲೆ ಹೆಂಡತಿಯ ಮುಂದೆ ನಿಂತು, "ಅಂದು ಸುಳ್ಳು ಹೇಳಿದ್ದೆ ಕಣೇ" ಎನ್ನುವ ಗಂಡಸು ಇದ್ದರೆ ಕರೆತನ್ನಿ, ಅವನ ಕಾಲಿಗೆ ಬೀಳುತ್ತೇನೆ.

ಮನೆಯಿಂದ ಹೊರಟು ಬೀದಿ ಮುಗಿದರೆ ಎದುರಿಗೇ ಗೋಪುರ. ಈಗೇನೋ ದುರಸ್ತಿಗೆಂದು ಮುಚ್ಚಿದ್ದಾರೆ, ಆಗ ಬಾಗಿಲು ಹಾರುಹೊಡೆದಿತ್ತು.

"ಹತ್ತೋಣ ಬನ್ನಿ ದೊತ್ತೋರೆ," ಎಂದಳು ಚಿಕ್ಕಮ್ಮ.

"ಅಯ್ಯೋ, ಲಿಫ್ಟು ಕೆಟ್ಟಿದೆಯಂತೆ."

ಚಿಕ್ಕಮ್ಮ ಪುಸ್ತಕ ತೆಗೆದಳು. "ಒಂಬೈನೂರು ವರ್ಷದ ಗೋಪುರ, ನಾನೂರ ತೊಂಬತ್ತೆಂಟು ಮೆಟ್ಟಿಲು, ಲಿಫ್ಟು ಇಲ್ಲವೇ ಇಲ್ಲ ಅಂತ ಬರೆದಿದ್ದಾರಲ್ಲ?"

"ಅದಕ್ಕೇ ನೋಡಿ, ರಿಪೇರಿ ಮಾಡೋರೂ ಗತಿಯಿಲ್ಲ."

"ನಿಮಗೆ ಮೊಣಕಾಲು ನೋವಿದ್ರೆ ಹಾಗಂತ ಬಾಯಿಬಿಟ್ಟು ಹೇಳಿ," ಎಂದು ಎಪ್ಪತ್ತೆಂಟರ ಮುದುಕಿ ಒಬ್ಬಳೇ ಒಳಹೊಕ್ಕಳು. ಮುಕ್ಕಾಲು ಗಂಟೆ ಕಳೆದು ಇಳಿದು ಬಂದಾಗ ಅವಳ ಮುಖ ಅರಳಿತ್ತು, ನನ್ನದು ಬಾಡಿತ್ತು. ಕೆಳಗೆ ಟಿಕೆಟು ಕೊಡುತ್ತಿದ್ದ ಹುಡುಗಿ ನನ್ನನ್ನು ನೋಡಿ, "ಅಮ್ಮನ್ನ ಒಬ್ಬರನ್ನೇ ಕಳಿಸಿದ್ರಲ್ಲ ಸಾರ್?" ಎಂದು ಬೇರೆ ಕೇಳಿದ್ದಳು.

"ಪರೀಕ್ಷೆ ಬಾಕಿ ಇದೆ ತಾಯಿ, ಎಲ್ಲಿಂದ ಹತ್ತಲಿ?" ಎಂದು ಚಿಕ್ಕಮ್ಮನ ಎಡಗಿವಿಯ ಪಕ್ಕ ಗೊಣಗಿದೆ. ಏನೂ ಆಗಲಿಲ್ಲ. ಅವಳು ಪೆನ್ಸಿಲಿಗೆ ಎಂಜಲು ಹಚ್ಚಿ ಗುರುತು ಹಾಕುತ್ತಿದ್ದಳು. ಆಹಾ, ಎಂಥ ನೆಮ್ಮದಿ! ಮೂವತ್ತೆರಡು ವರ್ಷ ಹೊಟ್ಟೆಯೊಳಗೆ ಕೊಳೆತದ್ದನ್ನು ಹೊರಹಾಕಲು ನನಗೊಂದು ಕಿವಿ ಸಿಕ್ಕಿತ್ತು, ಅದೂ ಕೇಳಿಸದ ಕಿವಿ. ಚೌಕ ಮುಟ್ಟುವವರೆಗೆ ನಾಲ್ಕು ಸಲ ಗೊಣಗಿದೆ.

ಚೌಕದಲ್ಲಿ ಎರಡನೆಯ ಕಂಟಕ. ಸಂತ ಪೆತ್ರೋನಿಯೊನ ದೊಡ್ಡ ಇಗರ್ಜಿಯ ಮುಖ, ಕೆಳಗರ್ಧ ಅಮೃತಶಿಲೆ, ಮೇಲರ್ಧ ಬರೀ ಇಟ್ಟಿಗೆ. ಚೌಕದ ನಟ್ಟನಡುವೆ ನಿಂತು ನೋಡಬೇಕೆಂದು ಪುಸ್ತಕದ ಅಪ್ಪಣೆ.

"ಬಿಸಿಲು ಚಿಕ್ಕಮ್ಮ, ತಲೆ ಸುತ್ತುತ್ತೆ."

ಚಿಕ್ಕಮ್ಮ ಮೋಡ ಕವಿದ ಆಕಾಶ ನೋಡಿದಳು, ನನ್ನನ್ನು ನೋಡಿದಳು, ನೆಟ್ಟಗೆ ನಡುವೆ ಹೋಗಿ ನಿಂತಳು. "ಫೋಟೋ ತೆಗೀರಿ!"

ನಾನು ಕಲ್ಲುಹಾಸಿನ ಅಂಚಿನಲ್ಲಿ ಬೂಟಿನ ತುದಿಯನ್ನೂ ತಾಗಿಸದೆ ನಿಂತು ತೆಗೆದೆ. ಚಿತ್ರದಲ್ಲಿ ಇಗರ್ಜಿ ಇದೆ, ಪಾರಿವಾಳಗಳಿವೆ, ಕಾಳುಮೆಣಸಿನಷ್ಟು ಚಿಕ್ಕಮ್ಮ ಇದ್ದಾಳೆ.

"ಹತ್ತಿರ ಬನ್ನಿ!"

"ಈ ಕ್ಯಾಮೆರಾ ದೂರದಿಂದ್ಲೇ ಚೆನ್ನಾಗಿ ತೆಗೆಯುತ್ತೆ!"

ಅವಳು ತಲೆ ಕೊಡವಿ ಎದುರು ಬದಿಗೆ ದಾಟಿಬಿಟ್ಟಳು. ಅವಳನ್ನು ಕಳೆದುಕೊಂಡರೆ ನಿವೆಸ್ ನನ್ನನ್ನು ಹಿಟ್ಟಿನ ಹಾಳೆಯೊಳಗೆ ಮಡಚಿಬಿಡುತ್ತಾಳೆ. ಚರ್ಮದ ಚೀಲ ಎದೆಗವುಚಿ ಮೂರು ಬದಿ ಸುತ್ತಿ ಓಡಿದೆ. ಕಾಫಿ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟು ನೋಡಿದರು. ಏದುಸಿರು ಬಿಡುತ್ತ ತಲುಪಿದಾಗ ಚಿಕ್ಕಮ್ಮ ಶಾಂತವಾಗಿ ಕೇಳಿದಳು: "ಮೊಣಕಾಲು ವಾಸಿಯಾಯ್ತಾ?"

ಮುಂದಿನ ಗುರುತು, ಚೌಕಕ್ಕೆ ಅಂಟಿಕೊಂಡ ಪೊದೆಸ್ತಾ ಅರಮನೆಯ ಕೆಳಗಿನ ಕಮಾನು. ಅಲ್ಲಿ ನಾಲ್ಕು ಮೂಲೆ. ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರಿನ ಓರೆಮೂಲೆಯಲ್ಲಿ ಕೇಳಿಸುತ್ತದೆ. ಎಷ್ಟೋ ಪ್ರವಾಸಿಗರಿಗೆ ನಾನೇ ಕೈ ತೋರಿಸಿ ಕಳಿಸಿದ್ದೇನೆ. ಆದರೆ ಇಲ್ಲೇ ಹುಟ್ಟಿದವನು ಅಲ್ಲಿಗೆ ಹೋಗಿ ಗೋಡೆ ಮೂಸುತ್ತಾನೆಯೇ? ಅದೆಲ್ಲ ಮಕ್ಕಳಾಟ ಎಂದೇ ನನ್ನ ನಂಬಿಕೆ.

ಚಿಕ್ಕಮ್ಮ ನನ್ನನ್ನು ಒಂದು ಮೂಲೆಗೆ ತಳ್ಳಿ, ತಾನು ಎದುರು ಮೂಲೆಗೆ ಹೋದಳು. ನಡುವೆ ಶಾಲೆಯ ಮಕ್ಕಳ ಗದ್ದಲ, ಒಬ್ಬನ ಅಕಾರ್ಡಿಯನ್ನು. ಈ ಗಲಾಟೆಯಲ್ಲಿ ಕಿವುಡಿಗೆ ಪಿಸುಮಾತು ಬೇರೆ! ಹೊಟ್ಟೆ ಹಸಿದಿತ್ತು, ಬೆನ್ನು ಬೆವೆತಿತ್ತು, ಕೋಪ ನೆತ್ತಿಗೇರಿತ್ತು. ಗೋಡೆಗೆ ಮುಖ ಮಾಡಿ ಗೊಣಗಿದೆ:

"ಅಮ್ಮಾ ಮಹಾತಾಯಿ, ಸಾಕು ಮಾಡು. ನಾನು ದೊತ್ತೋರೆನೂ ಅಲ್ಲ, ಮಣ್ಣೂ ಅಲ್ಲ. ಒಂದು ಪರೀಕ್ಷೆ ಇನ್ನೂ ಬಾಕಿ ಇದೆ."

"ಯಾವ ಪರೀಕ್ಷೆ?" ಎಂದಿತು ಗೋಡೆ.

"ರೋಮನ್ ಕಾನೂನು," ಎಂದೆ. ಬಾಯಿ ತಾನಾಗಿಯೇ ಹೇಳಿತು. ನನ್ನ ನೆತ್ತಿಯ ಮೇಲೆ ಕಲ್ಲಿನ ಸಂತನೊಬ್ಬನಿದ್ದಾನೆ, ಅವನೇ ವಿಚಾರಣೆಗೆ ಇಳಿದ ಎಂದುಕೊಂಡೆ.

"ಎಷ್ಟು ವರ್ಷದಿಂದ?"

"ಮೂವತ್ತೆರಡು."

"ನಿವೆಸ್‌ಗೆ ಗೊತ್ತಾ?"

ಸಂತನಿಗೆ ನನ್ನ ಹೆಂಡತಿಯ ಹೆಸರು ಹೇಗೆ ಗೊತ್ತು? ಮೆಲ್ಲಗೆ ತಿರುಗಿ ನೋಡಿದೆ. ಎದುರು ಮೂಲೆಯಲ್ಲಿ ಚಿಕ್ಕಮ್ಮ ಬಲಗಿವಿಯನ್ನು ಗೋಡೆಗೆ ಅಂಟಿಸಿ, ಇಷ್ಟಗಲ ಕಣ್ಣುಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಪುಸ್ತಕ ತೆರೆದು ಗುರುತು ಹಾಕಿದಳು.

"ಚೆನ್ನಾಗಿ ಕೇಳಿಸ್ತು," ಎಂದಳು ಹತ್ತಿರ ಬಂದು. "ಹಳೇ ಕಾಲದಲ್ಲಿ ಕುಷ್ಠರೋಗಿಗಳು ದೂರದಿಂದ ಪಾದ್ರಿಗೆ ಪಾಪ ಒಪ್ಪಿಸ್ತಿದ್ದ ಜಾಗವಂತೆ ಇದು. ಪುಸ್ತಕದಲ್ಲಿದೆ."

"ಚಿಕ್ಕಮ್ಮ, ದಮ್ಮಯ್ಯ ಅಂತೀನಿ, ನಿವೆಸ್‌ಗೆ ಮಾತ್ರ..."

"ಹೇಳಲ್ಲ. ಬರೋ ವರ್ಷ ಏಪ್ರಿಲಲ್ಲಿ ಬರ್ತೀನಿ. ಆಗ ನೀವು ನನ್ನ ಜೊತೆ ಚೌಕದ ನಡುವೆ ನಿಂತು ಫೋಟೋ ತೆಗೆಸ್ಕೋಬೇಕು. ಇಲ್ಲಾಂದ್ರೆ ಊಟದ ಮೇಜಿನ ಮೇಲೆ, ಸಾರು ಬಡಿಸಿದ ಕೂಡಲೇ ಹೇಳ್ತೀನಿ."

ಅಂದು ಮನೆಯಲ್ಲಿ ನಿವೆಸ್ ತೊರ್ತೆಲ್ಲಿನಿ ಸಾರು ಬಡಿಸುತ್ತ, "ಏನೇನು ನೋಡಿದ್ರಿ?" ಎಂದು ಕೇಳಿದಾಗ ನಾನು ಬಟ್ಟಲಿನೊಳಕ್ಕೆ ಮುಖ ಬಗ್ಗಿಸಿದೆ. "ನಿನ್ನ ಗಂಡನಷ್ಟು ಮನಸ್ಸು ಬಿಚ್ಚಿ ಊರು ತೋರಿಸೋರು ಇನ್ನೊಬ್ಬರಿಲ್ಲ ಕಣೇ," ಎಂದು ಚಿಕ್ಕಮ್ಮ ಇನ್ನೊಂದು ಸೌಟು ಹಾಕಿಸಿಕೊಂಡಳು.

ಮರುವಾರದಿಂದ ಶುರುವಾಯಿತು ನನ್ನ ತಪಸ್ಸು. ಮನೆಯಲ್ಲಿ ಓದಲು ಚಿಲಕವಿರುವ ಕೋಣೆ ಒಂದೇ, ಬಚ್ಚಲು. ರೋಮನ್ನರ ಆಸ್ತಿ, ದತ್ತು, ವಿಚ್ಛೇದನ ಎಲ್ಲವನ್ನೂ ಅಲ್ಲೇ ಕುಳಿತು ಬಾಯಿಪಾಠ ಮಾಡಿದೆ. ದಿನಕ್ಕೆ ಎರಡು ಗಂಟೆ! ನಿವೆಸ್ ಬಾಗಿಲ ಹೊರಗೆ ನಿಂತು ಕಳವಳದಿಂದ ಕೇಳುತ್ತಿದ್ದಳು.

"ರೀ, ಇವತ್ತೂ ಸರಿ ಹೋಗ್ಲಿಲ್ವಾ?"

"ಸ್ವಲ್ಪ ಸ್ವಲ್ಪ ಇಳೀತಾ ಇದೆ ಕಣೇ."

ಆ ಮಹಾತಾಯಿ ನನ್ನ ಹೊಟ್ಟೆ ಕೆಟ್ಟಿದೆಯೆಂದು ಮೂರು ತಿಂಗಳು ಬರೀ ಬಿಳಿ ಅನ್ನ ಬೇಯಿಸಿ ಹಾಕಿದಳು. ಪಾಸ್ತಾ ಅಂಗಡಿಯವಳ ಗಂಡ, ಬೊಲೊನ್ಯಾದಲ್ಲಿ ಹುಟ್ಟಿದವನು, ಉಪ್ಪಿಲ್ಲದ ಅನ್ನ ತಿಂದು ರೋಮನ್ ಕಾನೂನು ಕಲಿತೆ. ವಿದ್ಯೆಗೆ ಇಷ್ಟು ಬೆಲೆ ತೆತ್ತವರು ನಮ್ಮ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಯಾರೂ ಇರಲಾರರು.

ಪರೀಕ್ಷೆಯ ಬೆಳಿಗ್ಗೆ ನೆಪ್ಚೂನನ ಕಾರಂಜಿಗೆ ಎರಡು ಸುತ್ತು ಹಾಕಿದೆ, ಎಡಕ್ಕೆ ತಿರುಗಿ, ಪರೀಕ್ಷೆಗೆ ಹೋಗುವ ಇಲ್ಲಿಯ ಹುಡುಗರ ಪದ್ಧತಿಯಂತೆ. ನನ್ನ ಮುಂದೆ ಹಿಂದೆ ಮೀಸೆ ಮೂಡದ ಹುಡುಗರು. ಕೋಣೆಯೊಳಗೆ ಕಾಲಿಟ್ಟಾಗ ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಪ್ರೊಫೆಸರು ಗೌರವದಿಂದ ಎದ್ದು ನಿಂತು, "ಬನ್ನಿ ಬನ್ನಿ, ಯಾವ ವಿಶ್ವವಿದ್ಯಾಲಯದಿಂದ ಬಂದ್ರಿ?" ಎಂದ.

"ಇದೇ ವಿಶ್ವವಿದ್ಯಾಲಯ ಸಾರ್. ಸ್ವಲ್ಪ ತಡವಾಯ್ತು," ಎಂದೆ.

ಮೂವತ್ತಕ್ಕೆ ಹದಿನೆಂಟು ಬಂತು. ಪಾಸಾಗಲು ಹದಿನೆಂಟೇ ಸಾಕು! ಆಮೇಲೆ ಚಳಿಗಾಲವಿಡೀ ಪ್ರಬಂಧ ಬರೆದು, ಮಾರ್ಚಿನಲ್ಲಿ ಏಳು ಜನ ಪಂಡಿತರ ಮುಂದೆ ಮಂಡಿಸಿ, ಕೈ ಕುಲುಕಿಸಿಕೊಂಡು ಹೊರಬಂದೆ. ಮೆಟ್ಟಿಲ ಮೇಲೆ ಒಬ್ಬನೇ ನಿಂತು ಅತ್ತೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಏಪ್ರಿಲಿನಲ್ಲಿ ಚಿಕ್ಕಮ್ಮ ಪೆನ್ಸಿಲು ಸಮೇತ ಇಳಿದಳು. ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಚೌಕಕ್ಕೆ ಕರೆತಂದೆ. ಚಿಕ್ಕಮ್ಮ ನೇರವಾಗಿ ನಡುವೆ ಹೋಗಿ ಕಾಯುತ್ತ ನಿಂತಳು. ನಾನು ಕಲ್ಲುಹಾಸಿನ ಅಂಚಿನಲ್ಲಿ ನಿವೆಸ್‌ಳ ಕೈ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಮದುವೆಯ ಮಾತುಕತೆಯ ಸುಳ್ಳು, ಗೋಡೆ, ಬಚ್ಚಲು, ಹದಿನೆಂಟು. ನಿವೆಸ್ ಬಿಳಿಚಿಕೊಂಡಳು.

"ಅಂದ್ರೆ ಇಷ್ಟು ವರ್ಷ ನೀವು ಬದಿಯಲ್ಲಿ ನಡೀತಿದ್ದದ್ದು ಅದಕ್ಕಾ?"

"ಅದಕ್ಕೇ ಕಣೇ. ನಿನ್ನನ್ನೂ ಸುಮ್ನೆ ಸುತ್ತಾಡಿಸಿಬಿಟ್ಟೆ. ತಪ್ಪಾಯ್ತು."

ನಾನು ಚೀಲದಿಂದ ಹೊಸ ಪದವೀಧರರು ತೊಡುವ ಎಲೆಕಿರೀಟ ತೆಗೆದು, ಬೋಳುತಲೆಯ ಮೇಲೆ ಇಟ್ಟುಕೊಂಡು, ಬಲಗಾಲನ್ನು ಕಲ್ಲುಹಾಸಿನ ಮೇಲಿಟ್ಟೆ. ಐವತ್ತೇಳು ವರ್ಷ ಇದೇ ಊರಿನಲ್ಲಿದ್ದವನು ಮೊದಲ ಸಲ ಊರಿನ ನಡುವೆ ಕಾಲಿಟ್ಟೆ! ಸೀಸರನೂ ಹೀಗೆ ನಡೆದಿರಲಾರ. ಕಾಫಿ ಅಂಗಡಿಯ ಹುಡುಗರು "ದೊತ್ತೋರೆ, ದೊತ್ತೋರೆ" ಎಂದು ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ನನ್ನ ಎರಡು ಕೆನ್ನೆಗೂ ಮುತ್ತಿಟ್ಟಳು. ನಾನು ತಿರುಗಿ ಎರಡೂ ಕೈ ಚಾಚಿ ಹೆಂಡತಿಯನ್ನು ಕರೆದೆ.

"ಬಾ ನಿವೆಸ್, ಇನ್ನು ಸುತ್ತೋದು ಬೇಡ!"

ಅವಳು ಕದಲಲಿಲ್ಲ. ಬೂಟಿನ ತುದಿಯನ್ನೂ ತಾಗಿಸದೆ ಅಂಚಿನಲ್ಲೇ ನಿಂತಿದ್ದಳು. ಸಿಟ್ಟಾಗಿರಬೇಕೆಂದು ನಾನೇ ವಾಪಸು ಹೋದೆ.

"ಯಾಕೆ, ಕ್ಷಮಿಸೋದಿಲ್ವಾ?"

"ಅದಲ್ಲ." ಚಿಕ್ಕಮ್ಮನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಂದಿನ್ನೂ ಎರಡು ಬಾಕಿ ಇದೆ."

"ಏನು ಎರಡು?"

"ಪರೀಕ್ಷೆ ರೀ. ನಿಮಗೆ ಮೊದಲ ದಿನವೇ ಗೊತ್ತಾಗಿದೆ ಅಂದ್ಕೊಂಡಿದ್ದೆ. ಗೊತ್ತಿದ್ದೂ ಒಂದು ಮಾತು ಕೇಳ್ದೆ, ನನಗೋಸ್ಕರ ಇಪ್ಪತ್ತೆಂಟು ವರ್ಷ ಬದಿಯಲ್ಲೇ ನಡೀತಿದಾರಲ್ಲ, ಇಂಥ ದೊಡ್ಡ ಮನಸ್ಸಿನ ಗಂಡ ಯಾರಿಗಿದಾನೆ ಅಂತ ಅಂಗಡೀಲಿ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೀನಿ." ಕಿರೀಟದಿಂದ ಹಿಡಿದು ಬೂಟಿನವರೆಗೆ ನನ್ನನ್ನೊಮ್ಮೆ ನೋಡಿದಳು. "ನೋಡಿದ್ರೆ ನೀವೂ ಬರೀ ಫೇಲಾದೋರು."