ಮಾಮಾನ ಪಾದದ ಲೈನು

ನಮ್ಮ ಮಾಮಾನ ಬೆನ್ನೊಳಗೆ ಒಂದು ಟೆಲಿಫೋನ್ ಎಕ್ಸ್‌ಚೇಂಜ್ ಇದೆ. ನಗಬೇಡಿ! ಹುಬ್ಬಳ್ಳಿಯ ಎಕ್ಸ್‌ಚೇಂಜಿನಲ್ಲಿ ಜೀವಮಾನವಿಡೀ ಕೂತು ನಿವೃತ್ತರಾದ ಮೇಲೆ, ಅದನ್ನೂ ಹೊತ್ತುಕೊಂಡೇ ಧಾರವಾಡದ ನಮ್ಮ ಮನೆಗೆ ಬಂದರು. ಅವ್ವನ ತಮ್ಮ. ಮದುವೆ ಒಲ್ಲೆ ಎಂದವರು ಪಥ್ಯವನ್ನೂ ಒಲ್ಲೆ ಎಂದರು. ಸಕ್ಕರೆ ಕಾಯಿಲೆ ಮಾತ್ರ ಅವರನ್ನು ಒಲ್ಲೆ ಎನ್ನಲಿಲ್ಲ.

ಮೊದಲು ಪಾದ ಉರಿ ಶುರುವಾಯಿತು. ಇಡೀ ದಿನ ಬಕೆಟ್ ನೀರಿನಲ್ಲಿ ಕಾಲಿಟ್ಟು ಕೂತರು. ನಾವು ಸ್ನಾನಕ್ಕೆ ತಂಬಿಗೆ ಹಿಡಿದು ಕಾದೆವು. ಡಾಕ್ಟರು ಇನ್ಸುಲಿನ್ ಬರೆದರು. ಬರೆದು ಸುಮ್ಮನಿರಬಾರದೇ?

"ಇದು ಬರೇ ಸಕ್ಕರಿಗಷ್ಟ ಅಲ್ರಿ. ಬೆನ್ನುಹುರಿಯೊಳಗ ನೋವಿನ ಸಂದೇಶ ತಗ್ಗಿಸೂದ್ರಾಗೂ ಇದರ ಕೈ ಇರಬಹುದಂತ ಹುಡುಕಾಕತ್ತಾರ. ಇನ್ನೂ ಪೂರ್ತಿ ಗೊತ್ತಾಗಿಲ್ಲ."

ಅಷ್ಟೇ ಸಾಕಾಯಿತು! ರಿಕ್ಷಾದಲ್ಲೇ ಮಾಮಾನ ಭಾಷಣ: "ಪಾದ ಫೋನ್ ಮಾಡತೈತಿ, ಬೆನ್ನುಹುರಿ ಲೈನ್ ಕೊಡತೈತಿ, ತಲಿ ರಿಸೀವರ್ ಎತ್ತತೈತಿ. ಈ ಇನ್ಸುಲಿನ್ ಅಂದ್ರ ಹೊಸಾ ಸಾಹೇಬ. ಲೈನ್ ತಪಾಸ ಆಗೂತನಕ ಅವಗ ಚಾರ್ಜ್ ಕೊಡಾಂಗಿಲ್ಲ!"

ಹೊಸ ಸಾಹೇಬರು ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆಯ ಪಕ್ಕ ಕೂತರು. ಅಷ್ಟರಲ್ಲಿ ಉರಿ ತಾನೇ ನಿಂತಿತು.

"ಲೈನ್ ಕ್ಲಿಯರ್! ಇನ್ನ ಸಾಹೇಬ ಯಾಕ ಬೇಕವಾ?"

ಡಾಕ್ಟರಿಗೆ ಫೋನ್ ಮಾಡಿದರೆ ಅವರು ಬೇರೆಯೇ ಹೇಳಿದರು. "ಸ್ಪರ್ಶಾನ ಹೋಗಿದ್ರೂ ಉರಿ ನಿಲ್ಲತೈತ್ರಿ. ಗಾಯ ಆದ್ರ ತಿಳಿಯಾಂಗಿಲ್ಲ, ಕಾಲಿಗೇ ಅಪಾಯ. ಬೆರಳು ಮುಟ್ಟಿ ನೋಡ್ರಿ."

ಹೀಗೆ ದಿನಾ ಮುಂಜಾನೆ ನನ್ನ ತಲೆಗೆ ತಪಾಸಣೆ ಗಂಟುಬಿತ್ತು. ಮಾಮಾ ಕಣ್ಣು ಮುಚ್ಚಿ ಮಹಾರಾಜನಂತೆ ಕೂಡುವುದು, ನಾನು ಒಂದೊಂದೇ ಬೆರಳು ಮುಟ್ಟುವುದು, ಅವರು "ಹಲೋ!" ಎನ್ನುವುದು. ಹತ್ತು ಬೆರಳು, ಹತ್ತು ಹಲೋ. ಒಂದೂ ತಪ್ಪಲಿಲ್ಲ. ನನಗೇನು ಬೇರೆ ಕೆಲಸ ಇರಲಿಲ್ಲವೇ? ಆದರೂ ಸೋತೆ. ಸೂಜಿಯ ಮಾತೆತ್ತುವುದನ್ನೇ ಬಿಟ್ಟೆ.

ಹದಿನೈದು ದಿನವಾಗಿರಬೇಕು. ಬಳೆ ತೆಗೆದಿಟ್ಟು ಜೋಳದ ರೊಟ್ಟಿ ಬಡಿಯುತ್ತಿದ್ದೆ.

"ತಂಗೀ, ತಪಾಸಕ್ಕ ಹೊತ್ತಾತು!"

"ರೊಟ್ಟಿ ಹೊತ್ತತೈತಿ ಮಾಮಾ, ಆಮ್ಯಾಲೆ!"

"ಎಕ್ಸ್‌ಚೇಂಜ್ ಕಾಯಾಂಗಿಲ್ಲವಾ!"

ಸಿಟ್ಟಿನಲ್ಲಿ ಹಿಟ್ಟಿನ ಕೈಯಲ್ಲೇ ಹೋಗಿ ಹೆಬ್ಬೆರಳು ಮುಟ್ಟಿದೆ. ಹಲೋ ಇಲ್ಲ. ಎರಡನೆಯದು, ಮೂರನೆಯದು, ಐದೂ ಬೆರಳು. ಕೊನೆಗೆ ಪಾದವನ್ನೇ ಹಿಡಿದುಕೊಂಡೆ. ಮಾಮಾ ಕಣ್ಣು ಮುಚ್ಚಿಯೇ ನಗುತ್ತಿದ್ದರು. "ಲಗೂ ಶುರು ಮಾಡವಾ, ಯಾಕ ಸುಮ್ನ ಕುಂತೀ?"

ನಾನು ಕೈ ತೆಗೆದೆ. ಅವರು ಕಣ್ಣು ತೆರೆದರು. ತಮ್ಮ ಐದೂ ಬೆರಳ ಮೇಲಿನ ಹಿಟ್ಟನ್ನು ನೋಡಿದರು, ನನ್ನ ಬರಿಗೈ ನೋಡಿದರು.

"ಬಳಿ ಎಲ್ಲೆವಾ?"

ಇಷ್ಟು ದಿನ ಹಲೋ ಎಂದದ್ದು ನನ್ನ ಬಳೆಯ ಸಪ್ಪಳಕ್ಕೆ!

"ಸ್ಪರ್ಶ ಹೋಗಿದ್ದು ಮೊದಲನೇ ದಿನದಿಂದ್ಲೂ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಹೆದರಿಕಿ ಬಂದಿತ್ತು, ತಂಗಿ."

ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಇದೇ ಪಾದಗಳ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಅಂಗಳದ ತುಂಬ ನಡೆಯಲು ಕಲಿಸಿದವರು ಅವರು.

ಅಂದೇ ದವಾಖಾನೆಗೆ ಎಳೆದೊಯ್ದೆ. ಹೋದ ಸ್ಪರ್ಶ ಬರುವುದು ಕಷ್ಟ, ಕಾಲು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಅವರೆದುರೇ ಮೊದಲ ಸೂಜಿಯನ್ನು ಮಾಮಾನ ಹೊಟ್ಟೆಗೆ ನಾನೇ ಹಾಕಿದೆ.

"ಯಪ್ಪಾ! ಚುಚ್ಚತೈತವಾ!"

ಅವರ ನೋವಿಗೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

"ಹಲೋ, ಮಾಮಾ," ಎಂದೆ.